ಟೆನೆಸ್ಸಿಯ ಹಾವು ಎತ್ತುವ ಚರ್ಚ್ ಸಭೆಗಳ ಬಗ್ಗೆ ಗೊತ್ತಿದ್ದವರು ಇದ್ದೀರಾ? ಜೊತೆ ಕೆಲಸ ಮಾಡುವವರು ಕರೆದಿದ್ದಾರೆ

ಧಾರವಾಡದಕ್ಕ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಪೂರ್ವ ಟೆನೆಸ್ಸಿಗೆ ಬಂದು ಆರು ವರ್ಷ ಆಯಿತು. ಒಂದು ಲ್ಯಾಬಿನಲ್ಲಿ ಕೆಲಸ. ನನ್ನ ಪಕ್ಕದ ಮೇಜಿನಲ್ಲಿ ಕೂರುವ ಒಬ್ಬ ಹೆಂಗಸು ಇದ್ದಾರೆ, ಅರವತ್ತರ ಹತ್ತಿರದ ವಯಸ್ಸು. ಹೋದ ವಾರ ಊಟದ ಹೊತ್ತಿನಲ್ಲಿ ಅದೂ ಇದೂ ಮಾತಾಡುತ್ತಾ "ನಮ್ಮಪ್ಪ ಸಭೆಯಲ್ಲಿ ಹಾವು ಎತ್ತುತ್ತಿದ್ದರು" ಅಂದರು. ನನಗೆ ತುತ್ತು ಕೈಯಲ್ಲೇ ಉಳಿಯಿತು.

ಇವರು ಮದುವೆಯಾದ ಮೇಲೆ ಆ ಸಭೆ ಬಿಟ್ಟರಂತೆ. ಆದರೆ ತಮ್ಮ ಇನ್ನೂ ಹೋಗುತ್ತಾನೆ. ವರ್ಷಕ್ಕೊಮ್ಮೆ ಹೊರಗೆ ಹೋದವರೆಲ್ಲ ವಾಪಸ್ ಬಂದು ಸೇರುವ ಒಂದು ಭಾನುವಾರ ಇರುತ್ತದಂತೆ. ಅದಕ್ಕೆ ನನ್ನನ್ನೂ ಕರೆದಿದ್ದಾರೆ.

ನಾವು ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತರು. ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ಚಿಕ್ಕಂದಿನಿಂದ ಓದಿದ್ದೇನೆ. ನಂಬುವವರು ದೆವ್ವ ಬಿಡಿಸುವರು, ಹೊಸ ಭಾಷೆಗಳಲ್ಲಿ ಮಾತಾಡುವರು, ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಕೇಡಾಗದು, ರೋಗಿಗಳ ಮೇಲೆ ಕೈಯಿಟ್ಟರೆ ಗುಣವಾಗುವುದು ಅಂತ ಅಲ್ಲಿದೆ. ನಮ್ಮಜ್ಜಿ ಇದನ್ನು ದಿನಾ ರಾತ್ರಿ ಓದುತ್ತಿದ್ದವರು. ಹಿತ್ತಲಲ್ಲಿ ಹಾವು ಕಂಡರೆ ಎಲ್ಲರಿಗಿಂತ ಮೊದಲು ಓಡುತ್ತಿದ್ದವರೂ ಅವರೇ. ಆ ಮಾತನ್ನು ಅಕ್ಷರಶಃ ಮಾಡಿ ತೋರಿಸುವ ಜನ ನಾನಿರುವ ಜಾಗದಿಂದ ಎರಡು ಗಂಟೆ ದೂರದಲ್ಲಿ ಇದ್ದಾರೆ ಅಂದರೆ ಮನಸ್ಸಿಗೆ ಹಿಡಿಸುತ್ತಿಲ್ಲ.

ಹೋಗಲಾ ಬೇಡವಾ? ಇದರ ಹಿಂದೆ ಇರುವುದೇನು? ಗೊತ್ತಿರುವವರು ಹೇಳಿ. ಗೇಲಿ ಮಾಡುವುದಾದರೆ ದಯವಿಟ್ಟು ಬೇಡ. ಅವರು ನನಗೆ ಬೇಕಾದವರು.

ಕಾಡುಹಾದಿ

ಅಕ್ಕಾ, ಹೋಗಬೇಡಿ. ಅಲ್ಲಿ ಬಳಸುವುದು ಹಲ್ಲು ಕಿತ್ತ ಹಾವು ಅಂತ ಯಾರೋ ಹೇಳಿದ್ದು ಕೇಳಿದ್ದೆ. ಅದು ನಿಜ ಅಂತ ನಂಬಿ ಹತ್ತಿರ ಹೋದೀರಿ ಜೋಕೆ. ಎತ್ತುವವರ ಕೈ ನೋಡಿದರೆ ಸಾಕು. ಸೊಟ್ಟಗಾದ ಬೆರಳು, ಅರ್ಧ ಹೋದ ಬೆರಳು. ಕಾಡಿನಿಂದ ಹಿಡಿದು ತಂದ ಟಿಂಬರ್ ರ್‍ಯಾಟಲ್‌ಸ್ನೇಕ್, ಕಾಪರ್‌ಹೆಡ್‌ಗಳನ್ನೇ ಅವರು ಜಾಸ್ತಿ ಇಟ್ಟುಕೊಳ್ಳುವುದು. ರ್‍ಯಾಟಲ್‌ಸ್ನೇಕ್ ಅಂದರೆ ಬಾಲದ ತುದಿಯಲ್ಲಿ ಗಿಲಕಿ ಇರುವ ಹಾವು. ವಿಷದ ಮಟ್ಟಿಗೆ ನಮ್ಮ ಕೊಳಕುಮಂಡಲದ ದೂರದ ನೆಂಟ.

ಪೆನ್ಸಿಲ್ವೇನಿಯಾದಿಂದ

ನಾನು ಧರ್ಮಗಳ ಇತಿಹಾಸ ಓದಿದವನು. ಅಮೆರಿಕದ ಪೂರ್ವ ಭಾಗದ ಅಪಲಾಚಿಯಾ ಬೆಟ್ಟಗಳ ಈ ಸಭೆಗಳ ಬಗ್ಗೆ ಸಾಕಷ್ಟು ಓದಿದ್ದೇನೆ. ಗೊತ್ತಿರುವಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಇದು ಹಳೇ ಕಾಲದ ಆಚರಣೆ ಅಂತ ಜನ ತಿಳಿಯುತ್ತಾರೆ. ಇದಕ್ಕೆ ನೂರು ವರ್ಷ ದಾಟಿದೆ, ಅಷ್ಟೆ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಪೆಂಟೆಕೋಸ್ತಲ್ ಉಜ್ಜೀವನ ದೊಡ್ಡದಾಗಿ ಎದ್ದಿತು. ತಾವು ಕಲಿಯದ ಅನ್ಯಭಾಷೆಗಳಲ್ಲಿ ಮಾತಾಡುವುದೇ ಪವಿತ್ರಾತ್ಮ ಬಂದ ಗುರುತು ಅಂತ ಜನ ನಂಬಿದರು. ಆ ಗುರುತು ಬರೆದಿರುವ ಜಾಗಗಳಲ್ಲಿ ಮಾರ್ಕ 16 ಒಂದು. ಅದೇ ಸಾಲಿನ ಮುಂದೆ ಹಾವೂ ಇದೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದು ಹೇಗೆ ಅಂತ ಕೇಳಿದವರು ಜಾರ್ಜ್ ವೆಂಟ್ ಹೆನ್ಸ್ಲಿ. ಓದು ಬರಹ ಅಷ್ಟಾಗಿ ಬಾರದ ಮನುಷ್ಯ. 1910ರ ಸುಮಾರಿಗೆ ಚಾಟನೂಗಾ ಹತ್ತಿರದ ವೈಟ್ ಓಕ್ ಬೆಟ್ಟಕ್ಕೆ ಹೋಗಿ ಪ್ರಾರ್ಥನೆ ಮಾಡಿ ಒಂದು ರ್‍ಯಾಟಲ್‌ಸ್ನೇಕ್ ಎತ್ತಿಕೊಂಡರು ಅನ್ನುವ ಕಥೆ ಇದೆ. ಎಲ್ಲರಿಗಿಂತ ಮೊದಲು ಇವರೇ ಎತ್ತಿದರೋ ಇಲ್ಲವೋ ಅನ್ನುವುದಕ್ಕೆ ಇತಿಹಾಸಕಾರರಲ್ಲಿ ವಾದ ಇದೆ. ಊರೂರಿಗೆ ಹಬ್ಬಿಸಿದವರು ಮಾತ್ರ ಇವರೇ.

ಮೊದಲು ಇವರು ಚರ್ಚ್ ಆಫ್ ಗಾಡ್ ಅನ್ನುವ ಪಂಗಡದಲ್ಲಿ ಬೋಧಕರಾಗಿದ್ದರು. 1922ರಲ್ಲಿ ಅದನ್ನು ಬಿಟ್ಟರು. ನಾನೂರಕ್ಕೂ ಹೆಚ್ಚು ಸಲ ಹಾವು ಕಚ್ಚಿದೆ ಅಂತ ತಾವೇ ಹೇಳಿಕೊಳ್ಳುತ್ತಿದ್ದರು. 1955ರ ಜುಲೈನಲ್ಲಿ ಫ್ಲಾರಿಡಾದ ಆಲ್ತಾ ಹತ್ತಿರ ಕೂಟ ನಡೆಸುವಾಗ ಮಣಿಕಟ್ಟಿಗೆ ಕಚ್ಚಿತು. ಡಾಕ್ಟರು ಬೇಡ ಅಂದರು. ಮರುದಿನ ತೀರಿಕೊಂಡರು.

ಒಂದು ವಿಷಯ ನೆನಪಿಡಿ. ಪೆಂಟೆಕೋಸ್ತಲ್ ಸಭೆಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಇದನ್ನು ಒಪ್ಪುವುದಿಲ್ಲ. ಹಾವು ಎತ್ತುವವರು ಬೆಟ್ಟಗಳ ಸಂದಿಯ ಕೆಲವು ಸಣ್ಣ ಸಭೆಗಳವರು. ಒಂದೊಂದರಲ್ಲಿ ಇಪ್ಪತ್ತು ಮೂವತ್ತು ಜನ ಇದ್ದರೆ ಹೆಚ್ಚು. ಮನೆತನ ಮನೆತನವಾಗಿ ನಡೆದುಕೊಂಡು ಬಂದಿದೆ. ಅಪ್ಪ, ಮಗ, ಮೊಮ್ಮಗ.

ಧಾರವಾಡದಕ್ಕ

ತುಂಬಾ ಥ್ಯಾಂಕ್ಸ್ ಸರ್. ಕೂಟದಲ್ಲಿ ಏನು ನಡೆಯುತ್ತದೆ ಅಂತ ಅವರನ್ನು ಇವತ್ತು ಕೇಳಿದೆ. ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಮುಂದೆ ಪ್ರಸಂಗ ಪೀಠದ ಬಳಿ ಮರದ ಪೆಟ್ಟಿಗೆಗಳು ಇರುತ್ತವೆ. ಮುಚ್ಚಳಕ್ಕೆ ಬಲೆ, ಚಿಲಕ. ಪೆಟ್ಟಿಗೆಯ ಮೇಲೆ ವಾಕ್ಯ ಕೆತ್ತಿರುತ್ತಾರೆ. ಗಿಟಾರ್, ಡ್ರಮ್, ತಾಳ, ಕೈ ಚಪ್ಪಾಳೆ. ಹಾಡು ಒಂದು ಗಂಟೆಯಾದರೂ ನಿಲ್ಲುವುದಿಲ್ಲ. ಹೆಂಗಸರು ಕೂದಲು ಕತ್ತರಿಸುವುದಿಲ್ಲ, ಉದ್ದ ಲಂಗ ಹಾಕುತ್ತಾರೆ. ಅಭಿಷೇಕ ಬಂತು ಅನಿಸಿದವರು ಮಾತ್ರ ಪೆಟ್ಟಿಗೆ ತೆಗೆಯುತ್ತಾರೆ. ಅಭಿಷೇಕ ಅಂದರೆ ಪವಿತ್ರಾತ್ಮ ತಮ್ಮ ಮೇಲೆ ಇಳಿದ ಅನುಭವ. ಕೈ ಮರಗಟ್ಟಿದ ಹಾಗೆ ಆಗುತ್ತದೆ, ಮೈಯೆಲ್ಲ ಹಗುರ ಆಗುತ್ತದೆ, ಸಂತೋಷ ತಡೆಯಲಾಗುವುದಿಲ್ಲ ಅಂತ ಅಪ್ಪ ಹೇಳುತ್ತಿದ್ದರಂತೆ. ಯಾರನ್ನೂ ಒತ್ತಾಯ ಮಾಡುವುದಿಲ್ಲ. ಮಕ್ಕಳ ಕೈಗೆ ಕೊಡುವುದಿಲ್ಲ. ನೋಡಲು ಬಂದವರು ಹಿಂದಿನ ಬೆಂಚಿನಲ್ಲಿ ಕೂರಬೇಕು.

ನಾನು ಕೇಳಿದೆ: "ಕಚ್ಚುವುದಿಲ್ಲ ಅಂತ ನಂಬಿಕೆನಾ?" ಅವರು ನನ್ನ ಮುಖ ನೋಡಿದರು. "ಕಚ್ಚುತ್ತದೆ ಅಂತ ಎಲ್ಲರಿಗೂ ಗೊತ್ತು. ಪೆಟ್ಟಿಗೆಯಲ್ಲಿ ಸಾವು ಇದೆ ಅಂತ ಹೇಳಿಯೇ ತೆಗೆಯುತ್ತಾರೆ" ಅಂದರು.

ಇದು ನಾನು ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ.

ಉಡುಪಿ ಕಡೆಯವ

ನಾಗರಪಂಚಮಿಗೆ ನಾವು ಹಾಲೆರೆದ ಹಾಗೆ ಇದೂ ಒಂದು ಹಾವಿನ ಪೂಜೆ ತಾನೇ? ಹೆಸರು ಬೇರೆ ಅಷ್ಟೆ ಅಲ್ವಾ?

ಪೆನ್ಸಿಲ್ವೇನಿಯಾದಿಂದ

ಇಲ್ಲ ಸರ್, ಎರಡಕ್ಕೂ ಸಂಬಂಧವೇ ಇಲ್ಲ. ನಮ್ಮಲ್ಲಿ ನಾಗ ಕೈಮುಗಿಯುವ ದೇವರು. ಅವರಿಗೆ ಹಾವು ಅಂದರೆ ಸೈತಾನನ ಗುರುತು, ಏದೆನ್ ತೋಟದಲ್ಲಿ ಮೋಸ ಮಾಡಿದ ಪ್ರಾಣಿ. ಅದನ್ನು ಎತ್ತುವುದು ಅಂದರೆ ಸೈತಾನನ ಮೇಲೆ ಅಧಿಕಾರ ತೋರಿಸುವುದು. ಲೂಕ 10:19ರಲ್ಲಿ ಹಾವು ಚೇಳುಗಳನ್ನು ತುಳಿಯುವ ಅಧಿಕಾರದ ಮಾತಿದೆ, ಅದನ್ನೂ ಹೇಳುತ್ತಾರೆ.

ಹಳೇ ಪುಸ್ತಕ

ನಾನು ಸಭಾಪಾಲಕನ ಮಗ, ಈಗ ಬೆಂಗಳೂರಿನಲ್ಲಿ ದೇವಶಾಸ್ತ್ರ ಕಲಿಸುತ್ತೇನೆ. ಈ ವಾಕ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು.

ಮೊದಲನೆಯದು ನಮ್ಮ ಕನ್ನಡ ಬೈಬಲ್ಲಿನ ಕ್ರಿಯಾಪದ. "ಹಾವುಗಳನ್ನು ಎತ್ತುವರು" ಅಂತ ಇದೆ. "ಎತ್ತಬೇಕು" ಅಂತ ಇಲ್ಲ. ಎತ್ತುವರು ಅಂದರೆ ಮುಂದೆ ಹೀಗೆ ಆಗುವುದು ಅನ್ನುವ ಮಾತು. ಕನ್ನಡದಲ್ಲಿ ಓದಿದ ಯಾರಿಗೂ ಅದು ಆಜ್ಞೆಯ ಹಾಗೆ ಕೇಳುವುದಿಲ್ಲ. ಅವರು ಓದುವುದು 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದ. ಅಲ್ಲಿ "ಷಲ್" ಅನ್ನುವ ಪದ ಇದೆ. ಹತ್ತು ಆಜ್ಞೆಗಳಲ್ಲೂ ಅದೇ ಪದ ಬರುತ್ತದೆ. ಹಾಗಾಗಿ ಆ ಕಿವಿಗೆ ಇದೂ ಆಜ್ಞೆ. ಪಾಲಿಸದಿದ್ದರೆ ದೇವರ ಮಾತು ಮೀರಿದ ಹಾಗೆ. ವಿಷ ಕುಡಿಯುವ ಮಾತಿಗೆ ಮಾತ್ರ ಅಲ್ಲೂ "ಕುಡಿದರೆ" ಅಂತಲೇ ಇದೆ. ಅದಕ್ಕೇ ಹಾವು ಎತ್ತುವವರಲ್ಲೂ ವಿಷದ ಬಾಟಲಿ ಮುಟ್ಟದವರು ಬಹಳ ಜನ. ಒಂದು ಪದದ ಮೇಲೆ ಎಷ್ಟು ಜೀವ ನಿಂತಿದೆ ನೋಡಿ. ನನಗೆ ಪಾಠ ಮಾಡುವಾಗಲೂ ಇಲ್ಲಿಗೆ ಬಂದರೆ ಗಂಟಲು ಕಟ್ಟುತ್ತದೆ.

ಎರಡನೆಯದು, ಮಾರ್ಕ 16ರ 9ನೇ ವಚನದಿಂದ 20ರವರೆಗಿನ ಭಾಗ ಅತಿ ಹಳೆಯ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ, ಸಿನಾಯಿಟಿಕಸ್ ಮತ್ತು ವ್ಯಾಟಿಕಾನಸ್‌ನಲ್ಲಿ, ಇಲ್ಲ. ಎರಡೂ 4ನೇ ಶತಮಾನದವು. ಮಾರ್ಕನ ಸುವಾರ್ತೆ 8ನೇ ವಚನಕ್ಕೆ ಮುಗಿದಿತ್ತು, ಉಳಿದದ್ದು ಆಮೇಲೆ ಸೇರಿತು ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಪೌಲನ ಕಥೆಯನ್ನೂ ಅವರು ತೋರಿಸುತ್ತಾರೆ. ಹಡಗು ಒಡೆದು ಮಾಲ್ಟಾ ದ್ವೀಪಕ್ಕೆ ಬಂದಾಗ ಸೌದೆ ಹಾಕುವ ಪೌಲನ ಕೈಗೆ ಹಾವು ಕಚ್ಚಿಕೊಂಡಿತು, ಏನೂ ಆಗಲಿಲ್ಲ. ಆದರೆ ಪೌಲ ಹಾವನ್ನು ಹುಡುಕಿಕೊಂಡು ಹೋಗಿರಲಿಲ್ಲ. ಇನ್ನು ಯೇಸುವನ್ನು ಸೈತಾನ ದೇವಾಲಯದ ತುದಿಗೆ ಕರೆದುಕೊಂಡು ಹೋಗಿ "ಕೆಳಗೆ ಹಾರು, ದೂತರು ಹಿಡಿಯುತ್ತಾರೆ" ಅಂದಾಗ ಬಳಸಿದ್ದು 91ನೇ ಕೀರ್ತನೆಯ ಮಾತು. ಆ ಕೀರ್ತನೆಯ ಮುಂದಿನ ವಚನವೇ ಸಿಂಹ ಸರ್ಪಗಳನ್ನು ತುಳಿಯುವ ಬಗ್ಗೆ. ಯೇಸು ಕೊಟ್ಟ ಉತ್ತರ, ದೇವರನ್ನು ಪರೀಕ್ಷಿಸಬಾರದು ಅಂತ. ನನಗೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ.

ಪೆನ್ಸಿಲ್ವೇನಿಯಾದಿಂದ

ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಹಸ್ತಪ್ರತಿಯ ವಾದ ಅವರನ್ನು ಮುಟ್ಟುವುದಿಲ್ಲ. "ನಮ್ಮಜ್ಜನ ಬೈಬಲ್ಲಿನಲ್ಲಿ ಇದೆ" ಅನ್ನುತ್ತಾರೆ, ಮಾತು ಮುಗಿಯಿತು. "ದೇವರನ್ನು ಪರೀಕ್ಷೆ ಮಾಡುತ್ತಿಲ್ಲ, ಹೇಳಿದ ಹಾಗೆ ಕೇಳುತ್ತಿದ್ದೇವೆ" ಅನ್ನುವುದು ಅವರ ಉತ್ತರ. ಕಚ್ಚಿದರೆ ಅದಕ್ಕೂ ವಿವರಣೆ ಇದೆ. ಅಭಿಷೇಕ ಬರುವ ಮುಂಚೆ ಕೈ ಹಾಕಿದ. ಅಥವಾ ಮನಸ್ಸಿನಲ್ಲಿ ಪಾಪ ಇತ್ತು. ಅಥವಾ ಹಾವು ನಿಜವಾದದ್ದು ಅಂತ ನಂಬದವರಿಗೆ ದೇವರೇ ತೋರಿಸಿದ. ಸತ್ತರೆ, ಅವನ ಹೊತ್ತು ಬಂದಿತ್ತು.

ಚಾಟನೂಗಾದ ಟೆನೆಸ್ಸಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಾಲ್ಫ್ ಹುಡ್ ಇವರ ನಡುವೆ ಎಷ್ಟೋ ವರ್ಷ ಓಡಾಡಿ ಸಂದರ್ಶನ ಮಾಡಿದ್ದಾರೆ. ಇವರಿಗೆ ತಲೆ ಕೆಟ್ಟಿಲ್ಲ, ತಿಳಿದೇ ಮಾಡುತ್ತಾರೆ ಅನ್ನುವುದು ಅವರಿಗೆ ಕಂಡದ್ದು.

ಕಾಡುಹಾದಿ

ಅಷ್ಟು ಸಲ ಎತ್ತಿದರೂ ಕಚ್ಚುವುದು ಕಮ್ಮಿ ಯಾಕೆ ಅಂತ ಯೋಚಿಸಿದ್ದೀರಾ? ಕೆಂಟಕಿ ರೆಪ್ಟೈಲ್ ಝೂ ಅನ್ನುವ ಜಾಗದವರು ಇದರ ಬಗ್ಗೆ ಮಾತಾಡಿದ್ದಾರೆ. ಅವರ ಪ್ರಕಾರ ಈ ಹಾವುಗಳಿಗೆ ನೀರು, ಆಹಾರ ಸರಿಯಾಗಿ ಸಿಗುವುದಿಲ್ಲ. ಸೊರಗಿದ ಹಾವು ಎರಗುವುದು ಕಮ್ಮಿ, ವಿಷವೂ ಕಮ್ಮಿಯಾಗುತ್ತದೆ. ಕಾಡಿನಲ್ಲಿ ಎಷ್ಟೋ ವರ್ಷ ಬದುಕುವ ಪ್ರಾಣಿ ಪೆಟ್ಟಿಗೆಯಲ್ಲಿ ತಿಂಗಳುಗಳಲ್ಲಿ ಸಾಯುತ್ತದೆ. ಈ ಮೂಕ ಪ್ರಾಣಿಯ ಬಗ್ಗೆ ಯಾರೂ ಮಾತಾಡುವುದಿಲ್ಲ ಅನ್ನುವುದು ನನ್ನ ಸಂಕಟ.

ವಾರ್ಡಿನ ನರ್ಸ್

ನಾನು ಶಿವಮೊಗ್ಗ ಕಡೆ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವಳು. ದೇವರ ವಿಷಯ ನನಗೆ ಗೊತ್ತಿಲ್ಲ, ವಿಷದ ವಿಷಯ ಹೇಳುತ್ತೇನೆ.

ರ್‍ಯಾಟಲ್‌ಸ್ನೇಕ್ ವಿಷ ಕಚ್ಚಿದ ಜಾಗದ ಮಾಂಸ ಕೊಳೆಯಿಸುತ್ತದೆ. ಕೈ ಊದಿ ಚರ್ಮ ಬಿರಿಯುವ ಹಾಗಾಗುತ್ತದೆ. ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಬಿಪಿ ಬೀಳುತ್ತದೆ. ಕೆಲವು ಸಲ ಹಾವು ಕಚ್ಚಿದರೂ ವಿಷ ಬಿಡುವುದಿಲ್ಲ. ನಾವು ಅದನ್ನು ಒಣ ಕಡಿತ ಅನ್ನುತ್ತೇವೆ. ಹಾಗೆ ಉಳಿದವರೆಲ್ಲ ಪ್ರಾರ್ಥನೆಯಿಂದ ಉಳಿದೆ ಅಂತ ಸಾಕ್ಷಿ ಹೇಳುತ್ತಾರೆ. ನಮ್ಮಲ್ಲಿ ನಾಟಿ ಔಷಧಿಯವರಿಗೂ ಮಂತ್ರ ಹಾಕುವವರಿಗೂ ಹೆಸರು ಬಂದಿರುವುದು ಹೀಗೇ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಹತ್ತು ಸಲ ಕಚ್ಚಿಸಿಕೊಂಡರೆ ಮೈ ಒಗ್ಗುತ್ತದೆ ಅಂತ. ಅದನ್ನು ನಂಬಿ ಕೂರಬೇಡಿ. ಕೆಲವರಿಗೆ ಉಲ್ಟಾ ಆಗುತ್ತದೆ. ಮೈ ಆ ವಿಷಕ್ಕೆ ಅಲರ್ಜಿ ಬೆಳೆಸಿಕೊಂಡಿರುತ್ತದೆ, ಮುಂದಿನ ಕಡಿತಕ್ಕೆ ಗಂಟಲು ಊದಿ ನಿಮಿಷಗಳಲ್ಲಿ ಉಸಿರು ಕಟ್ಟಬಹುದು.

ಅಮೆರಿಕದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಜನಕ್ಕೆ ವಿಷದ ಹಾವು ಕಚ್ಚುತ್ತದೆ. ಸಾಯುವವರು ಐದರ ಆಸುಪಾಸು. ಯಾಕೆ? ಆಸ್ಪತ್ರೆಗೆ ಹೋಗುತ್ತಾರೆ, ಔಷಧಿ ಇದೆ. ಕುರಿಯ ರಕ್ತದಿಂದ ತಯಾರಿಸಿದ ಒಳ್ಳೆಯ ಇಂಜೆಕ್ಷನ್ ಅಲ್ಲಿಗೆ 2000ದಲ್ಲೇ ಬಂದಿದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಅನ್ನುವ ಅಂದಾಜು ಇದೆ. ಎಷ್ಟೋ ಜನ ನಮ್ಮ ವಾರ್ಡಿಗೆ ಬರುವಾಗ ಮಂತ್ರ ಹಾಕಿಸಿ, ಹಗ್ಗ ಬಿಗಿದು, ಆರು ಗಂಟೆ ಕಳೆದಿರುತ್ತದೆ. ಅದಕ್ಕೇ ನನಗೆ ಈ ಟೆನೆಸ್ಸಿಯ ಕಥೆ ದೂರದ್ದು ಅನಿಸುತ್ತಿಲ್ಲ. ಕೊಲ್ಲುವುದು ಹಾವು ಹೌದು. ಜೊತೆಗೆ ಆ ಆರು ಗಂಟೆಯೂ ಹೌದು.

ಧಾರವಾಡದಕ್ಕ

ನರ್ಸ್ ಅಕ್ಕಾ, ನೀವು ಬರೆದದ್ದನ್ನು ಓದಿ ಒಬ್ಬಳೇ ಅತ್ತೆ. ಅವರಪ್ಪನ ಎರಡು ಬೆರಳು ಹೋಗಿತ್ತಂತೆ. ಮೂರು ದಿನ ಕೈ ಹೇಗಿತ್ತು ಅಂತ ಅವರು ಹೇಳಿದ್ದಕ್ಕೂ ನೀವು ಬರೆದದ್ದಕ್ಕೂ ವ್ಯತ್ಯಾಸವೇ ಇಲ್ಲ.

ಅವರ ಸಭೆಯಲ್ಲಿ ಡಾಕ್ಟರ ಹತ್ತಿರ ಹೋಗಬಾರದು ಅಂತ ನಿಯಮ ಇದೆಯಾ ಅಂತ ಕೇಳಿದೆ. ಬರೆದಿಟ್ಟ ನಿಯಮ ಇಲ್ಲವಂತೆ. ಜ್ವರಕ್ಕೆ, ಹೆರಿಗೆಗೆ ಎಲ್ಲರೂ ಹೋಗುತ್ತಾರೆ. ಕೂಟದಲ್ಲಿ ಹಾವು ಕಚ್ಚಿದರೆ ಮಾತ್ರ ಹೋಗುವುದಿಲ್ಲ. ಹೋದರೆ ಯಾರೂ ಬೈಯುವುದಿಲ್ಲ, ಆದರೆ ತಾನೇ ತಲೆ ಎತ್ತಿ ನೋಡಲಾಗುವುದಿಲ್ಲ ಅಂದರು.

ಪೆನ್ಸಿಲ್ವೇನಿಯಾದಿಂದ

ಇದೇ ಮಾತಿಗೆ ಮೂರು ಘಟನೆ ಹೇಳುತ್ತೇನೆ, ಎಲ್ಲವೂ ಪತ್ರಿಕೆಗಳಲ್ಲಿ ಬಂದವು.

ವೆಸ್ಟ್ ವರ್ಜೀನಿಯಾದ ಬೋಧಕ ಮ್ಯಾಕ್ ವುಲ್ಫರ್ಡ್. ಇವರಪ್ಪನೂ 1983ರಲ್ಲಿ ಹಾವು ಕಚ್ಚಿಯೇ ಸತ್ತಿದ್ದರು. ಹುಡುಗನಾಗಿ ಅದನ್ನು ಕಣ್ಣಾರೆ ನೋಡಿದ್ದರು. 2012ರ ಮೇ ತಿಂಗಳಲ್ಲಿ ಒಂದು ಪಾರ್ಕಿನಲ್ಲಿ ನಡೆದ ಕೂಟದಲ್ಲಿ ಇವರಿಗೂ ತೊಡೆಗೆ ಕಚ್ಚಿತು. ಗಂಟೆಗಟ್ಟಲೆ ಮನೆಯಲ್ಲಿ ಪ್ರಾರ್ಥನೆ ನಡೆಯಿತು. ಕೊನೆಗೆ ಆಂಬುಲೆನ್ಸ್ ಕರೆದಾಗ ಹೊತ್ತು ಮೀರಿತ್ತು. 44 ವರ್ಷ.

ಕೆಂಟಕಿಯ ಮಿಡಲ್ಸ್‌ಬರೊ ಊರಿನ ಜೇಮೀ ಕೂಟ್ಸ್. ಟಿವಿಯಲ್ಲಿ ಬಂದು ಹೆಸರಾಗಿದ್ದವರು. 2014ರ ಫೆಬ್ರವರಿ 15ರ ಶನಿವಾರ ರಾತ್ರಿ ಬಲಗೈಗೆ ಕಚ್ಚಿತು. ಮನೆಗೆ ಹೋದರು. ಆಂಬುಲೆನ್ಸ್ ಸಿಬ್ಬಂದಿ ಮನೆ ಬಾಗಿಲಿಗೇ ಬಂದರು. ಚಿಕಿತ್ಸೆ ಬೇಡ ಅಂತ ವಾಪಸ್ ಕಳಿಸಿದರು. ಅದೇ ರಾತ್ರಿ ತೀರಿಕೊಂಡರು.

ಅವರ ಮಗ ಅದೇ ಸಭೆ ನಡೆಸತೊಡಗಿದ. 2018ರಲ್ಲಿ ಅವನಿಗೂ ಮುಖದ ಪಕ್ಕ, ಕಿವಿಯ ಹತ್ತಿರ ಕಚ್ಚಿತು. ರಕ್ತ ಸುರಿಯುತ್ತಿತ್ತು. ನನ್ನನ್ನು ಬೆಟ್ಟದ ತುದಿಗೆ ಕರೆದುಕೊಂಡು ಹೋಗಿ ಅಂದ. ಜೊತೆಗಿದ್ದವರು ಅವನ ಮಾತು ಕೇಳದೆ ಆಸ್ಪತ್ರೆಗೆ ಹೊತ್ತೊಯ್ದರು. ಬದುಕಿದ.

ಅಪ್ಪ, ಮಗ, ಒಂದೇ ಸಭೆ, ನಡುವೆ ನಾಲ್ಕು ವರ್ಷ. ಕಾರು ಯಾವ ಕಡೆಗೆ ತಿರುಗಿತು ಅನ್ನುವುದಷ್ಟೇ ಬೇರೆ.

ಹಳ್ಳಿ ಹೈದ

ಇಷ್ಟೆಲ್ಲ ಆದರೂ ಸರ್ಕಾರ ಏನು ಮಾಡುತ್ತಿದೆ? ಸುಮ್ನೆ ನಿಷೇಧ ಮಾಡಿದರೆ ಮುಗಿಯಿತಲ್ಲ?

ವಕೀಲೆ

ನಿಷೇಧ ಎಷ್ಟೋ ಕಡೆ ಆಗಿದೆ. ಕೆಂಟಕಿ 1940ರಲ್ಲೇ ಮಾಡಿತು. ದಂಡ ಐವತ್ತರಿಂದ ನೂರು ಡಾಲರ್. ಟೆನೆಸ್ಸಿ 1947ರಲ್ಲಿ. ಜಾರ್ಜಿಯಾದ 1941ರ ಕಾನೂನು ಎಷ್ಟು ಬಿಗಿ ಅಂದರೆ ಯಾರಾದರೂ ಸತ್ತರೆ ಮರಣದಂಡನೆಯವರೆಗೂ ಹೋಗಬಹುದಿತ್ತು. ಅದನ್ನು 1968ರಲ್ಲಿ ತೆಗೆದರು. ವೆಸ್ಟ್ ವರ್ಜೀನಿಯಾದಲ್ಲಿ ಇವತ್ತಿಗೂ ನಿಷೇಧ ಇಲ್ಲ.

1973ರಲ್ಲಿ ಟೆನೆಸ್ಸಿಯ ಕಾರ್ಸನ್ ಸ್ಪ್ರಿಂಗ್ಸ್‌ನ ಒಂದು ಸಭೆಯಲ್ಲಿ ಇಬ್ಬರು ಸ್ಟ್ರಿಕ್ನಿನ್ ವಿಷ ಕುಡಿದು ಸತ್ತರು. ಆ ಮೊಕದ್ದಮೆ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 1975ರ ತೀರ್ಪಿನಲ್ಲಿ ಕೋರ್ಟು, ನಂಬಿಕೆಗೆ ಅಡ್ಡಿ ಇಲ್ಲ, ಆದರೆ ವಿನಾಕಾರಣ ವಿಧವೆಯರೂ ಅನಾಥರೂ ಆಗದ ಹಾಗೆ ತಡೆಯುವ ಹಕ್ಕು ರಾಜ್ಯಕ್ಕೆ ಇದೆ ಅಂದಿತು.

ಅನಾಥರು ಅನ್ನುವುದು ಬರೀ ಮಾತಿಗೆ ಹೇಳಿದ್ದಲ್ಲ. ಒಂದೇ ಮನೆಯ ಹೆಂಡತಿ 1995ರಲ್ಲಿ, ಗಂಡ 1998ರಲ್ಲಿ, ಇಬ್ಬರೂ ಕೂಟದಲ್ಲಿ ಹಾವು ಕಚ್ಚಿ ಹೋದರು. ಐದು ಮಕ್ಕಳು ಉಳಿದರು.

ಆದರೂ ಕಾನೂನು ನೆಲಕ್ಕೆ ಇಳಿಯುವುದು ಕಷ್ಟ. 2013ರ ನವೆಂಬರಿನಲ್ಲಿ ಟೆನೆಸ್ಸಿಯ ಲಫಾಲೆಟ್ ಊರಿನ ಒಂದು ಸಭೆಯಿಂದ ವನ್ಯಜೀವಿ ಇಲಾಖೆಯವರು 53 ಹಾವು ಹಿಡಿದುಕೊಂಡು ಹೋದರು. ಎರಡು ತಿಂಗಳಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ನಡೆಸಬೇಕೋ ಬೇಡವೋ ಅಂತ ನೋಡುವ ಸ್ಥಳೀಯರ ಗುಂಪು, ಪಾಸ್ಟರ್ ಮೇಲೆ ಆರೋಪ ಹೊರಿಸಲು ಒಪ್ಪಲಿಲ್ಲ. ಜ್ಯೂರಿಯಲ್ಲಿ ಕೂತವರೂ ಅದೇ ಸೀಮೆಯ ಜನ. ಹಾವು ಎತ್ತದಿದ್ದರೂ, ನೆರೆಯವನ ಸಭೆಗೆ ಪೊಲೀಸರು ನುಗ್ಗುವುದು ಅವರಿಗೆ ಹಿಡಿಸುವುದಿಲ್ಲ. ನಾನು ನಿಷೇಧದ ಪರ. ಅದರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ಮಾತ್ರ ಹೇಳಲಾರೆ.

ಹಳ್ಳಿ ಹೈದ

ಒಟ್ಟು ಎಷ್ಟು ಜನ ಸತ್ತಿರಬಹುದು?

ಪೆನ್ಸಿಲ್ವೇನಿಯಾದಿಂದ

ಶುರುವಾದಾಗಿನಿಂದ ಸುಮಾರು ನೂರು ಅನ್ನುವುದು ಸಂಶೋಧಕರ ಅಂದಾಜು. ಬೆರಳು, ಕೈ ಕಳೆದುಕೊಂಡವರ ಲೆಕ್ಕ ಬೇರೆ.

ವಾರ್ಡಿನ ನರ್ಸ್

ತಂಗೀ, ಹೋಗುವುದಾದರೆ ಹಿಂದೆ ಕೂತುಕೋ. ಬಾಗಿಲ ಹತ್ತಿರ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಹಾವಿನ ಇಂಜೆಕ್ಷನ್ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೋ. ಯಾರಿಗಾದರೂ ಕಚ್ಚಿದರೆ ಉಂಗುರ, ವಾಚು ತಕ್ಷಣ ತೆಗೆಸು, ಊತ ಬಂದ ಮೇಲೆ ಬರುವುದಿಲ್ಲ. ಹಗ್ಗ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಅಲುಗಾಡಿಸದೆ ಕರೆದುಕೊಂಡು ಹೋಗುವುದು, ಅಷ್ಟೇ.

ಧಾರವಾಡದಕ್ಕ

ಎಲ್ಲರಿಗೂ ಥ್ಯಾಂಕ್ಸ್. ಆ ಭಾನುವಾರ ಮುಗಿದು ಎರಡು ದಿನ ಆಯಿತು, ಈಗ ಬರೆಯಲು ಕೂತೆ.

ನಾನು ಹೋಗಲಿಲ್ಲ. ಹೋಗಿ ನೋಡಿದರೆ ನಾನೂ ತಮಾಷೆ ನೋಡುವವರಲ್ಲಿ ಒಬ್ಬಳಾಗುತ್ತೇನೆ ಅನಿಸಿತು. ಹೇಳಿದೆ. ಅವರಿಗೆ ಬೇಜಾರಾಗಲಿಲ್ಲ. "ನಾನೂ ಹೋಗುತ್ತಿಲ್ಲ, ಜೊತೆಗೆ ಯಾರಾದರೂ ಇದ್ದರೆ ಧೈರ್ಯ ಬರಬಹುದು ಅಂತ ಕರೆದಿದ್ದೆ" ಅಂದರು. ಹಾಗಾದರೆ ನಮ್ಮ ಮನೆಗೆ ಊಟಕ್ಕೆ ಬನ್ನಿ ಅಂದೆ. ಬಂದರು. ಚಪಾತಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ.

ನರ್ಸ್ ಅಕ್ಕ ಬರೆದದ್ದನ್ನು ಅವರ ಭಾಷೆಗೆ ಮಾಡಿ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ತಮ್ಮನ ಹೆಂಡತಿಗೆ ಕೊಡುತ್ತೇನೆ, ತಮ್ಮನಿಗೆ ಕೊಟ್ಟರೆ ಓದುವುದಿಲ್ಲ ಅಂತ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಊಟ ಆದ ಮೇಲೆ ಅಪ್ಪ ಹಾಡುತ್ತಿದ್ದ ಒಂದು ಹಾಡು ಹಾಡಿದರು. ದನಿ ಚೆನ್ನಾಗಿದೆ ಅವರದು.

ಮಧ್ಯಾಹ್ನ ಪೂರ್ತಿ ಫೋನು ಅವರ ತಟ್ಟೆಯ ಪಕ್ಕದಲ್ಲೇ ಇತ್ತು, ಮುಖ ಮೇಲಾಗಿ. ನಾಲ್ಕೂವರೆಗೆ ತಮ್ಮನ ಹೆಂಡತಿಯ ಮೆಸೇಜ್ ಬಂತು. ಕೂಟ ಮುಗಿಯಿತು, ಎಲ್ಲರೂ ಮನೆಗೆ ಬಂದೆವು ಅಂತ. ಆಮೇಲೆ ಇನ್ನೊಂದು ಚಪಾತಿ ಹಾಕಿಸಿಕೊಂಡರು.